ಗ್ರೈಂಡರಿನಿಂದ ಕಪ್ಪು ಹುಡಿ ಬರ್ತಾ ಇದ್ರೆ ತೊಳೆದು ಪ್ರಯೋಜನ ಇಲ್ಲ

ಅಕ್ಕ, ನೀವು ಮಲ್ಪೆಯಿಂದ ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಆನ್‌ಲೈನಿನಲ್ಲಿ ತರಿಸಿದ ಕೈಗ್ರೈಂಡರಿನಲ್ಲಿ (ಒಳಗೆ ಹಲ್ಲು ಇರುವ, ಕೈಯಲ್ಲಿ ತಿರುಗಿಸಿ ಎಲೆ ಹುಡಿ ಮಾಡುವ ಸಣ್ಣ ಲೋಹದ ಡಬ್ಬಿ) ಒಣ ತುಳಸಿ, ಪುದೀನ ತಿರುಗಿಸುವಾಗ ಕಪ್ಪು ಚೂರು ಬೀಳ್ತದೆ, ಹೇಗೆ ತೊಳೆಯುವುದು ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನು ಇವತ್ತೇ ಬದಿಗಿಡಿ. ಹಲ್ಲಿನ ಬುಡದಲ್ಲಿ ಬಣ್ಣ ಎದ್ದು ಒಳಗಿನ ಬೂದು ಲೋಹ ಕಾಣ್ತಾ ಉಂಟು. ಎದ್ದ ಬಣ್ಣ ತೊಳೆದಷ್ಟೂ ಏಳ್ತದೆ. ಕಷಾಯಕ್ಕೆ ಅಂತ ಡಬ್ಬಿಯಲ್ಲಿ ತುಂಬಿಸಿಟ್ಟ ಹುಡಿಯನ್ನೂ ಚೆಲ್ಲಿಬಿಡಿ, ಮಕ್ಕಳಿಗೂ ಕೊಡ್ತೀರಿ ಅಂದ್ರಲ್ಲ.

ಮೇಲೆ ಒಬ್ಬರು ಇದು ಗಾಂಜಾದ ಗ್ರೈಂಡರ್ ಅಂತ ಬರೆದಿದ್ದಾರೆ. ಹೌದು, ಹೊರದೇಶಗಳಲ್ಲಿ ಹೆಚ್ಚಾಗಿ ಅದಕ್ಕೇ ಮಾರುವುದು. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆ ಪ್ರಕಾರ ಗಾಂಜಾ ಇಟ್ಟುಕೊಳ್ಳುವುದೇ ಅಪರಾಧ, ಆ ವಿಷಯಕ್ಕೆ ನಾನು ಹೋಗುವುದಿಲ್ಲ. ಆದರೆ ಬಣ್ಣ ಏಳುವ ಗ್ರೈಂಡರಿನ ಹುಡಿ ಸುಟ್ಟು ಹೊಗೆ ಎಳೆದರೆ ಆ ಬಣ್ಣವೂ ಸುಟ್ಟು ನೇರ ಶ್ವಾಸಕೋಶಕ್ಕೆ ಹೋಗ್ತದೆ. ಯಾರೇ ಆಗಲಿ, ಇದು ತಿಳಿದಿರಬೇಕು.

ಹೊಸತು ತಗೊಳ್ಳುವಾಗ ಕೈಯಲ್ಲಿ ಹಿಡಿದು ತೂಕ ನೋಡಿ. ಅಗ್ಗದವು ಸತುವಿನ ಮಿಶ್ರಲೋಹ, ಮೇಲಿಂದ ಬಣ್ಣ. ಸತು ಅಲ್ಯೂಮಿನಿಯಂನ ಎರಡೂವರೆ ಪಟ್ಟು ಭಾರ. ಗಾತ್ರಕ್ಕೆ ಮೀರಿ ಭಾರ ಉಂಟು, ಮೇಲೆ ಹೊಳೆಯುವ ಬಣ್ಣ ಬೇರೆ ಉಂಟು ಅಂದ್ರೆ ಬೇಡ. ಅಯಸ್ಕಾಂತ ಹಿಡಿದು ನೋಡಿ ಅಂತ ಹೇಳುವವರು ಇದ್ದಾರೆ, ಅದನ್ನು ನಂಬಬೇಡಿ. ಸತು, ಅಲ್ಯೂಮಿನಿಯಂ, 304 ಸ್ಟೀಲ್, 202 ಸ್ಟೀಲ್ (ಎರಡೂ ಸ್ಟೇನ್‌ಲೆಸ್ ಸ್ಟೀಲಿನ ನಮೂನೆಗಳು) ಯಾವುದಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ನನ್ನ ಆಯ್ಕೆ 304 ಅಂತ ಮುದ್ರೆ ಇರುವ ಸ್ಟೀಲ್, ಬಣ್ಣ ಇಲ್ಲದ್ದು. 202ರಲ್ಲಿ ನಿಕಲ್ ಕಡಿಮೆ, ಕಡಲ ಬದಿಯ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡೀತದೆ. ಒಳ್ಳೆ ಆನೊಡೈಸ್ ಮಾಡಿದ (ಅಂದ್ರೆ ವಿದ್ಯುತ್ತಿನಿಂದ ಮೇಲ್ಮೈಗೆ ಗಟ್ಟಿ ಪದರ ಬರಿಸಿದ) ಅಲ್ಯೂಮಿನಿಯಂ ಆದರೂ ಆದೀತು. ಮರದ್ದು ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ, ತೇವ ಕುಡಿದು ಉಬ್ಬಿ ಬೂಸ್ಟು ಹಿಡೀತದೆ.

ತಂದ ಕೂಡಲೇ ಸಾಬೂನು ಹಾಕಿ ಬಿಸಿನೀರಲ್ಲಿ ತೊಳೆಯಿರಿ, ಕಾರ್ಖಾನೆಯ ಎಣ್ಣೆ ಇರ್ತದೆ. ಒಣಗಿದ ಮೇಲೆ ಏನೂ ಹಾಕದೆ ಬಿಳಿ ಬಟ್ಟಲಿನ ಮೇಲೆ ಹಿಡಿದು ಹತ್ತಿಪ್ಪತ್ತು ಸುತ್ತು ತಿರುಗಿಸಿ, ಟಾರ್ಚ್ ಬಿಟ್ಟು ನೋಡಿ. ಮಿಣುಕುವ ಚೂರು ಕಂಡರೆ ವಾಪಸ್ ಕೊಡಿ. ಹೆಚ್ಚಾಗಿ ಉದುರುವುದು ಹಲ್ಲಿನಿಂದ ಅಲ್ಲ, ಮುಚ್ಚಳದ ತಿರುಪಿನಿಂದ. ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ತಿರುಪಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿಯೂ ನೋಡಿ.

ಇನ್ನು ತೊಳೆಯುವುದು. ತುಳಸಿ, ಸಾಂಬ್ರಾಣಿ ಸೊಪ್ಪಿನ ಎಣ್ಣೆ ಅಂಟಂಟಾಗಿ ಹಲ್ಲಿನ ಸಂದಿಯಲ್ಲಿ ಕೂತಿರ್ತದೆ. ಬಿಡಿಸಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ, ಅಂಟು ಗಟ್ಟಿಯಾಗ್ತದೆ, ಹಳೆ ಟೂತ್‌ಬ್ರಷ್‌ನಲ್ಲಿ ತಟ್ಟಿದರೆ ಬೀಳ್ತದೆ. ಉಳಿದದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನುವ ಸ್ಪಿರಿಟ್ಟಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿ, ಆಮೇಲೆ ಸಾಬೂನು ನೀರು. ಅದರ ಆವಿಗೆ ಬೇಗ ಬೆಂಕಿ ಹಿಡೀತದೆ, ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಬೇಡವೇ ಬೇಡ. ಕಿಟಕಿ ತೆರೆದಿರಲಿ. ಸ್ಯಾನಿಟೈಸರ್ ಹಾಕಬೇಡಿ, ಗ್ಲಿಸರಿನ್ ಇರ್ತದೆ, ಅಂಟು ಮತ್ತೆ ಉಳೀತದೆ. ಗ್ರೈಂಡರ್ ಅಕ್ರಿಲಿಕ್ ಪ್ಲಾಸ್ಟಿಕ್‌ನದ್ದಾದರೆ ಆಲ್ಕೋಹಾಲ್ ತಾಗಿದರೆ ಬಿರುಕು ಬಿಡ್ತದೆ, ಸಾಬೂನು ಮಾತ್ರ. ನಮ್ಮ ಅಮ್ಮಂದಿರು ಹಿತ್ತಾಳೆಗೆ ಹಾಕುವ ಹುಣಸೆಹುಳಿಯನ್ನು, ವಾಷಿಂಗ್ ಸೋಡವನ್ನೂ ಅಲ್ಯೂಮಿನಿಯಂ ಗ್ರೈಂಡರಿಗೆ ಮುಟ್ಟಿಸಬೇಡಿ, ಎರಡೂ ಮೇಲಿನ ಪದರ ತಿನ್ನುತ್ತವೆ.

ಮಳೆ ಸುರಿಯುವ ಆಟಿ ತಿಂಗಳಲ್ಲಿ ತೊಳೆದದ್ದು ಬೇಗ ಒಣಗುವುದಿಲ್ಲ. ಬಿಡಿಬಿಡಿಯಾಗಿ ಫ್ಯಾನಿನಡಿ ರಾತ್ರಿಯಿಡೀ ಇಟ್ಟು ಮತ್ತೆ ಜೋಡಿಸಿ. ಎಲೆಯೂ ಅಷ್ಟೇ, ದಂಟು ಮುರಿದರೆ ಚಟ್ ಅನ್ನಬೇಕು, ಬಗ್ಗಿದರೆ ಇನ್ನೂ ನೀರು ಉಂಟು. ಅಂಥದ್ದನ್ನು ಹುಡಿ ಮಾಡಿ ಡಬ್ಬಿಗೆ ಹಾಕಿದರೆ ಬೂಸ್ಟು ಬರ್ತದೆ, ಬಂದ ಮೇಲೆ ಬಿಸಿಲಿಗಿಟ್ಟು ಬಳಸುವ ಹಾಗಿಲ್ಲ. ವಾರಕ್ಕೊಮ್ಮೆ ಒಂದು ಹಿಡಿ ಕಷಾಯದ ಹುಡಿ ಮಾತ್ರ ಬೇಕಾದ್ದಾದರೆ ಗ್ರೈಂಡರೇ ಬೇಡ ಅಕ್ಕ, ಕಲ್ಲಿನ ಕುಟ್ಟಾಣಿ ಸಾಕು.