8.4736 ಬರೆದ್ರೆ ಮಾರ್ಕ್ಸ್ ಯಾಕೆ ಹೋಗತ್ತೆ?

ಪ್ರಶ್ನೆ: ಪಿಯುಸಿ ಲ್ಯಾಬಲ್ಲಿ ಹಿತ್ತಾಳೆ ಕ್ಯೂಬ್ ಸಾಂದ್ರತೆ ಕಂಡುಹಿಡಿದೆ. ತೂಕ 132.4 ಗ್ರಾಂ, ಸ್ಕೇಲಲ್ಲಿ ಅಳೆದ್ರೆ ಬದಿ 2.5 ಸೆಂ.ಮೀ. ಕ್ಯಾಲ್ಕುಲೇಟರ್ 8.4736 ಅಂತು, ಅದನ್ನೇ ಬರೆದೆ, ಮೇಡಂ ಮಾರ್ಕ್ಸ್ ಕಟ್ ಮಾಡಿದ್ರು. ಯಾಕೆ ಸರ್?

ಉತ್ತರ: ಮೇಡಂ ಮಾಡಿದ್ದು ಸರಿನೇ ಕಣಪ್ಪ. ಸ್ಕೇಲಲ್ಲಿ ಒಂದು ಮಿ.ಮೀ.ಗಿಂತ ಸಣ್ಣ ಗೆರೆ ಇಲ್ಲ, ಹಾಗಾಗಿ ನಿನ್ನ 2.5 ಅನ್ನೋದು ನಿಜವಾಗಿ 2.45 ಇರ್ಬಹುದು, 2.55 ಕೂಡ ಇರ್ಬಹುದು, ಅದನ್ನ ಘನ ಮಾಡಿ, ತೂಕವನ್ನ ಅದರಿಂದ ಭಾಗಿಸಿ ನೋಡು, ಒಂದು ಕಡೆ 9.0 ಬರತ್ತೆ ಇನ್ನೊಂದು ಕಡೆ ಸುಮಾರು 8.0. ದಶಾಂಶದ ಮೊದಲ ಅಂಕಿನೇ ಅಲ್ಲಾಡ್ತಿರೋವಾಗ ನಾಲ್ಕನೇದು ಎಲ್ಲಿಂದ ಬಂತು? 8.5 ಅಂತ ಬರಿ ಸಾಕು. ಮಿ.ಮೀ.ಗಿಂತ ಸಣ್ಣದನ್ನೂ ತೋರಿಸೋ ವರ್ನಿಯರಲ್ಲಿ ಅಳೆದು 2.50 ಬಂದಿದ್ರೆ 8.47 ಬರೀಬಹುದಿತ್ತು, ಆ ಕೊನೆ ಸೊನ್ನೆ ಸುಮ್ನೆ ಕೂತಿರಲ್ಲ, ಅದೂ ಅಳತೆನೇ.

ಸೊನ್ನೆ ಅಂದ್ರೆ ನೆನಪಾಯ್ತು. 1856ರಲ್ಲಿ ಎವರೆಸ್ಟ್ ಎತ್ತರ 29,002 ಅಡಿ ಅಂತ ಪ್ರಕಟಿಸಿದ್ರು. ಲೆಕ್ಕಕ್ಕೆ ಸಿಕ್ಕಿದ್ದು ಸರಿಯಾಗಿ 29,000, ಆದ್ರೆ ಜನ ಅಂದಾಜು ಅಂದ್ಕೋತಾರೆ ಅಂತ ಎರಡು ಅಡಿ ಸೇರಿಸಿದ್ರು ಅನ್ನೋ ಕಥೆ ಇದೆ!