ಮೂರನೆಯ ಗಿಟಾರ್ ಯಾವುದಿರಲಿ?

ಪ್ರಶ್ನೆ: ಸ್ಪ್ರೂಸ್ ಮರದ ಮೇಲ್ಹಲಗೆಯ ಡ್ರೆಡ್‌ನಾಟ್ (ದೊಡ್ಡ ಒಡಲಿನ ಗಿಟಾರ್), ನೈಲಾನ್ ತಂತಿಯ ಕ್ಲಾಸಿಕಲ್ ಎರಡೂ ನನ್ನಲ್ಲಿವೆ. ಮಾಟುಂಗಾದ ಕಾರ್ಯಕ್ರಮಗಳಲ್ಲಿ ನನ್ನ ಹೆಂಡತಿ ಹಾಡುವ ಭಾವಗೀತೆಗಳಿಗೆ ನುಡಿಸಲು ಇನ್ನೊಂದು ಅಕೌಸ್ಟಿಕ್ ಗಿಟಾರ್ ಬೇಕು. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮತ್ತೊಂದು ಡ್ರೆಡ್‌ನಾಟ್ ಮಾತ್ರ ಬೇಡ. ಅದರ ತುಂಬು ಮಂದ್ರ ಹಾಡುವವರ ದನಿಯನ್ನು ಮುಚ್ಚಿಬಿಡುತ್ತದೆ. ಸಾಹಿತ್ಯ ಕೇಳಿಸದ ಭಾವಗೀತೆಯನ್ನು ನಾನಂತೂ ಸಹಿಸಲಾರೆ. ಸಣ್ಣ ಒಡಲಿನ ಟ್ರಿಪಲ್ ಓ ಮಾದರಿಯಲ್ಲಿ, ಮಹಾಗನಿ ಮೇಲ್ಹಲಗೆಯದನ್ನು ನೋಡಿ. ಮಧ್ಯಸ್ಥಾಯಿ ಬೆಚ್ಚಗೆ ಮೂಡುತ್ತದೆ. ಸಾಮಾನ್ಯವಾಗಿ ಅದರ ತಂತಿಯ ಮಿಡಿಯುವ ಉದ್ದ 24.9 ಇಂಚು, ಡ್ರೆಡ್‌ನಾಟ್‌ನದು 25.4, ಹಾಗಾಗಿ ಬೆರಳಿಗೆ ಬಿಗಿ ಕಡಿಮೆ. ಹಿಂಬದಿ ಮತ್ತು ಪಕ್ಕಗಳು ಲ್ಯಾಮಿನೇಟ್ (ತೆಳು ಪದರಗಳನ್ನು ಅಂಟಿಸಿದ ಮರ) ಆಗಿದ್ದರೆ ಮುಂಬಯಿಯ ಮಳೆಗಾಲಕ್ಕೆ ಒಳ್ಳೆಯದು. ಅಖಂಡ ಮರ ತೇವ ಹೀರಿ ಉಬ್ಬಿದರೆ ತಂತಿಗಳು ಮೇಲೇಳುತ್ತವೆ. ಧೋಬಿ ತಲಾವ್‌ನ ವಾದ್ಯದಂಗಡಿಗೆ ನಿಮ್ಮ ಹೆಂಡತಿಯನ್ನೂ ಕರೆದೊಯ್ಯಿರಿ, ಅವರ ಶ್ರುತಿಯಲ್ಲೇ ನುಡಿಸಿ ನೋಡಿ.