ಕುದುರೆಯ ಕಾಲಿಗೆ ಕಪ್ಪು ಬಣ್ಣ

ಪ್ರಶ್ನೆ: ಮಾದರಿ ಕುದುರೆಯ ಗೊಂಬೆಗೆ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಕಂದು ಬಣ್ಣ ಹೊಡೆದೆ. ಮೈಯೆಲ್ಲ ತರಿತರಿ. ಕಾಲಿನ ಕಪ್ಪು ಕಾಲುಚೀಲ ಹಾಕಿದ ಹಾಗಿದೆ. ಏನು ಮಾಡಲಿ?

ಉತ್ತರ: ಬಣ್ಣ ಮೈಗೆ ತಾಗುವ ಮೊದಲೇ ಗಾಳಿಯಲ್ಲಿ ಒಣಗಿದರೆ ಹೀಗೆ ತರಿ ಬರುತ್ತದೆ. ನನ್ನ ಮೊದಲ ಕುದುರೆಗೂ ಇದೇ ಆಗಿತ್ತು, ಬೇಜಾರಾಗಿ ಎರಡು ದಿನ ಮುಟ್ಟಲೇ ಇಲ್ಲ. ನಯವಾದ ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಅಕ್ರಿಲಿಕ್ ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ ಸಾಕು, ತುಸು ಹತ್ತಿರ ಹಿಡಿಯಿರಿ.

ನಿಜವಾದ ಕುದುರೆಯ ಕಾಲಿನ ಕಪ್ಪು ಗೆರೆ ಎಳೆದಂತೆ ನಿಲ್ಲುವುದಿಲ್ಲ, ಅಲ್ವಾ? ಮಂಡಿಯ ಹತ್ತಿರ ಮೆಲ್ಲಗೆ ಕಂದಿನೊಳಗೆ ಕರಗುತ್ತದೆ. ನನಗೆ ತುಂಬಾ ಇಷ್ಟದ ಕೆಲಸ ಇದು. ಗೊರಸಿನ ಮೇಲಿಂದ ಶುರು ಮಾಡಿ, ಮಂಡಿ ಬಂದಂತೆ ಟ್ರಿಗರ್ ಸಡಿಲಿಸಿ. ಬರೀ ಕಪ್ಪು ಬೇಡ, ಸ್ವಲ್ಪ ಕಡು ಕಂದು ಬೆರೆಸಿ. ಕಣ್ಣಿಗೆ ಮಾತ್ರ ಸಣ್ಣ ಕುಂಚವೇ ಬೇಕು.